ಗಣಕ ಕಾಯಕದ ಧರ್ಮಸಂಕಟ



ಬಸವಣ್ಣನವರ ತಾಯಿ ಮಾದಲಾಂಬಿಕೆಯವರ ತವರೂರೆಂದು ಹೆಸರಾದ ಈ ಇಂಗಳೇಶ್ವರದಲ್ಲಿ ಲೆಕ್ಕದ ಮಾತು ಹೊಸದಲ್ಲ. ಬಸವಣ್ಣನವರು ಮೊದಲು ಕರಣಿಕರಾಗಿಯೂ ಬಳಿಕ ಬಿಜ್ಜಳನ ಭಂಡಾರಿಗಳಾಗಿಯೂ ಇದ್ದರೆಂಬದು ಪುರಾಣಪ್ರಸಿದ್ಧವು. ಭಂಡಾರದ ದ್ರವ್ಯವನ್ನು ಜಂಗಮರಿಗೆ ವೆಚ್ಚ ಮಾಡಿದರೆಂದು ಕೊಂಡೆಯರು ಅರಸನಲ್ಲಿ ದೂರಿದಾಗ, ಎಣಿಸಿ ನೋಡಲಾಗಿ ಏನೂ ಕಡಿಮೆ ಬರಲಿಲ್ಲವೆಂದು ಪುರಾಣಕಾರರು ಹೇಳುತ್ತಾರೆ. ಆ ಭಂಡಾರವು ತೆರೆದು ಎಣಿಸಲು ಬರುವಂಥದಾಗಿತ್ತು. ಇಂದಿನ ಲೆಕ್ಕಿಗನು ಗಣಕಯಂತ್ರದೊಳಗೆ ಬರೆದಿಡುವದನ್ನು ತೆರೆದು ತೋರಿಸಿದರೂ ಓದಬಲ್ಲವರು ವಿರಳ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ತಾಲೂಕುಗಳ ಒಕ್ಕಲಿಗರ ಮಕ್ಕಳು ಬೆಂಗಳೂರು, ಪುಣೆ, ಹೈದರಾಬಾದಗಳಿಗೆ ಹೋಗಿ ಈ ಕಾಯಕದಲ್ಲಿ ತೊಡಗಿರುವ ಕಾರಣ, ಅದರ ಧರ್ಮಾಧರ್ಮಗಳ ವಿಚಾರವು ಮಠದ ಭಕ್ತರಿಗೆ ಪರಕೀಯವಾದುದಲ್ಲ.

ಮೊದಲು ಎಲ್ಲರಿಗೂ ಪರಿಚಿತವಾದ ಉತಾರದ ಸಂಗತಿ. ಹಿಂದೆ ಹೊಲದ ಉತಾರವು ಊರ ಲೆಕ್ಕಿಗನ ದಫ್ತರದಲ್ಲಿತ್ತು. ಕರ್ನಾಟಕದಲ್ಲಿ ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿದ್ದ ಈ ಕಾಗದಗಳನ್ನು ‘ಭೂಮಿ’ ಎಂಬ ಯೋಜನೆಯಿಂದ 2002ರ ಹೊತ್ತಿಗೆ ಗಣಕಯಂತ್ರಕ್ಕೆ ಏರಿಸಲಾಯಿತು. 67 ಲಕ್ಷ ಹಿಡುವಳಿದಾರರ ಸುಮಾರು ಎರಡು ಕೋಟಿ ಪಹಣಿಗಳು. ತಾಲೂಕು ಕಚೇರಿಯಲ್ಲಿ ಆಗ 15 ರೂಪಾಯಿ ಕೊಟ್ಟು ಯಾವ ರೈತನಾದರೂ ತನ್ನ ಪಹಣಿಯನ್ನು ಪಡೆಯುವಂತಾಯಿತು. ಆ ಯೋಜನೆಯನ್ನು ಕಟ್ಟಿದವರು ಎರಡು ಉಪಾಯಗಳನ್ನು ಮಾಡಿದ್ದರು. ಖಾತೆ ಬದಲಾವಣೆಯ ಅರ್ಜಿಗಳಲ್ಲಿ ಮೊದಲು ಬಂದದ್ದು ಮೊದಲು ಎಂಬ ಸರದಿಯನ್ನು ಯಂತ್ರವೇ ಕಾಯುವಂತೆ ಮಾಡಿದ್ದು ಒಂದು. ಕೆಲಸಗಾರನ ಎದುರಿಗಿರುವ ಪರದೆಯಂಥ ಇನ್ನೊಂದು ಪರದೆಯನ್ನು ರೈತನ ಕಡೆಗೆ ಮುಖಮಾಡಿ ಇರಿಸಿದ್ದು ಎರಡನೆಯದು. ಈ ಎರಡನೆಯ ಪರದೆಯು ಬಹಳ ಬೆಲೆಯುಳ್ಳ ವಿಚಾರವು. ತನ್ನ ಹೆಸರಿನ ಮುಂದೆ ಏನು ಬರೆಯಲ್ಪಡುತ್ತಿದೆಯೆಂಬದನ್ನು ಒಡೆಯನು ನೋಡಲೆಂದು ಯಾರೋ ಒಬ್ಬರು ಕುಳಿತು ಆಲೋಚಿಸಿದ್ದರು. ಹಳೆಯ ಕಾಗದದಲ್ಲಿದ್ದ ತಪ್ಪು ಯಂತ್ರದೊಳಗೂ ಬಂದೇ ಬಂದಿತು, ಅಚ್ಚಿನ ಅಕ್ಷರದಲ್ಲಿ ಬಂದದ್ದರಿಂದ ಮೊದಲಿಗಿಂತ ಹೆಚ್ಚು ನಿಜವಾಗಿಯೂ ತೋರಿತು; ಆ ಮಾತು ಬೇರೆ.

ಇನ್ನು ಬೆರಳಚ್ಚಿನ ವಿಷಯ. ಇಲ್ಲಿ ಸಂಕಟವು ತುಸು ಆಳವಾದುದು.

2009ರಲ್ಲಿ ಕೇಂದ್ರ ಸರಕಾರವು ವಿಶಿಷ್ಟ ಗುರುತಿನ ಪ್ರಾಧಿಕಾರವನ್ನು ಸ್ಥಾಪಿಸಿ, ಬೆಂಗಳೂರಿನ ಇನ್ಫೋಸಿಸ್ ಕಂಪನಿಯ ಸಂಸ್ಥಾಪಕರಲ್ಲೊಬ್ಬರಾದ ನಂದನ ನಿಲೇಕಣಿಯವರನ್ನು ಅದರ ಮೊದಲ ಅಧ್ಯಕ್ಷರನ್ನಾಗಿ ನೇಮಿಸಿತು. 2010ರ ಸಪ್ಟೆಂಬರದಲ್ಲಿ ಮಹಾರಾಷ್ಟ್ರದ ನಂದುರಬಾರ ಜಿಲ್ಲೆಯ ತೆಂಭಲಿ ಗ್ರಾಮದಲ್ಲಿ ಮೊದಲ ಆಧಾರ ಸಂಖ್ಯೆಯು ಕೊಡಲ್ಪಟ್ಟಿತು. 2016ರೊಳಗೆ ನೂರು ಕೋಟಿ ಜನಕ್ಕೆ ತಲುಪಿತು. ಗುರುತೇ ಇಲ್ಲದ ಬಡವನಿಗೆ ಒಂದು ಗುರುತನ್ನು ಕೊಡುವದು ಪುಣ್ಯದ ಕೆಲಸವೆಂಬದರಲ್ಲಿ ಸಂದೇಹವಿಲ್ಲ. ಆದರೆ ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆರಳನ್ನು ಒತ್ತಿದಾಗ ಆಗುವದೇನೆಂಬದನ್ನು ತಿಳಿಯಬೇಕು. ಯಂತ್ರವು ಹೊಸ ಅಚ್ಚನ್ನು ಹಳೆಯದರೊಡನೆ ಹೋಲಿಸಿ, ಅವು ಎಷ್ಟರಮಟ್ಟಿಗೆ ಕೂಡುತ್ತವೆಂಬದಕ್ಕೆ ಒಂದು ಅಂಕಿಯನ್ನು ಕಟ್ಟುತ್ತದೆ. ಯಾವ ಅಂಕಿಯಿಂದ ಮೇಲಾದರೆ ‘ಹೌದು’, ಕೆಳಗಾದರೆ ‘ಅಲ್ಲ’ ಎಂಬ ಗೆರೆಯನ್ನು ಎಳೆದವನು ಮನುಷ್ಯನೇ. ಗೆರೆಯನ್ನು ಮೇಲಕ್ಕೇರಿಸಿದರೆ ಕಳ್ಳನು ಹೊರಗುಳಿಯುವನು. ಅವನೊಡನೆ, ಜೋಳದ ದಂಟು ಕೊಯ್ದು, ಕಲ್ಲು ಹೊತ್ತು ಬೆರಳು ಸವೆದ ನಿಜವಾದ ಹಕ್ಕುದಾರನೂ ಹೊರಗುಳಿಯುವನು. ಕೆಳಗಿಳಿಸಿದರೆ ಮುದುಕಿಗೆ ಜೋಳ ದೊರೆಯುವದು. ಅವಳ ಹೆಸರಿನಲ್ಲಿ ಪರರು ಎತ್ತಿಕೊಂಡು ಹೋಗುವದಕ್ಕೂ ದಾರಿಯಾಗುವದು. ಎರಡೂ ಕೂಡಿ ಸೊನ್ನೆಯಾಗುವ ಸ್ಥಳವು ಈ ಗೆರೆಯ ಮೇಲೆ ಎಲ್ಲಿಯೂ ಇಲ್ಲ. ಯಾರನ್ನು ಹಿಂದಿರುಗಿಸಿ ಕಳುಹಿಸಬೇಕೆಂಬ ನಿರ್ಣಯವನ್ನು ಹೀಗೆ ದೂರದ ಊರಿನ ಒಂದು ಕೋಣೆಯಲ್ಲಿ ಕುಳಿತವನು ಮಾಡುತ್ತಾನೆ. ಅಂಗಡಿಯ ಮುಂದೆ ಚೀಲ ಹಿಡಿದು ನಿಂತವಳ ಮುಖವನ್ನು ಅವನು ಎಂದೂ ಕಾಣನು, ಅವಳೂ ಅವನನ್ನು ಕಾಣಳು. ಅಂಗಡಿಕಾರನು “ಯಂತ್ರ ಒಪ್ಪವಲ್ಲದು” ಎನ್ನುತ್ತಾನೆ. ಬೆರಳು ಕೂಡದಿದ್ದರೂ ಅರ್ಹನಿಗೆ ಧಾನ್ಯವನ್ನು ನಿರಾಕರಿಸಕೂಡದೆಂದು 2017ರ ಅಕ್ಟೋಬರದಲ್ಲಿ ಕೇಂದ್ರದ ಆಹಾರ ಇಲಾಖೆಯು ಆಜ್ಞೆ ಹೊರಡಿಸಬೇಕಾಯಿತು. ‘ಅಲ್ಲ’ ಎಂದ ಮೇಲೆ ಮುಂದೇನೆಂಬ ದಾರಿಯನ್ನು ಯಂತ್ರದಲ್ಲಿಯೇ ಮೊದಲಿನಿಂದ ಇರಿಸುವದು, ಗೆರೆ ಎಳೆದವನ ಕೈಯಲ್ಲಿರುವ ಸಂಗತಿಯು.

ಅವನಿಗೂ ಒಬ್ಬ ಯಜಮಾನನಿದ್ದಾನಲ್ಲ ಎಂದು ಕೇಳಬಹುದು. ಇದ್ದಾನೆ. ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿಯ ಮೋಟಾರುಗಳಲ್ಲಿ, ಪರೀಕ್ಷೆಯ ವೇಳೆಯನ್ನು ಗುರುತಿಸಿ ಆಗ ಮಾತ್ರ ಹೊಗೆಯ ವಿಷವನ್ನು ತಗ್ಗಿಸುವ ಸಾಫ್ಟವೇರವನ್ನು ಇರಿಸಿದ್ದು 2015ರಲ್ಲಿ ಬಯಲಾಯಿತು. ಅಂಥ ಗಾಡಿಗಳು ಲೋಕದಲ್ಲೆಲ್ಲ ಸುಮಾರು 1.1 ಕೋಟಿ. ಅದರಲ್ಲಿ ಪಾಲುಗೊಂಡ ಒಬ್ಬ ಎಂಜಿನಿಯರನಿಗೆ 2017ರಲ್ಲಿ ಅಮೇರಿಕೆಯ ನ್ಯಾಯಾಲಯವು 40 ತಿಂಗಳ ಸೆರೆಯನ್ನು ವಿಧಿಸಿತು. ಯಜಮಾನನ ಅಪ್ಪಣೆಯು ಅವನನ್ನು ಉಳಿಸಲಿಲ್ಲ. ಅಂಥ ಅಪ್ಪಣೆ ಬಂದಾಗ ನೌಕರಿಯನ್ನು ಬಿಟ್ಟು ಬರಬೇಕೆಂದು ಸಭೆಯಲ್ಲಿ ನಿಂತು ಹೇಳುವದು ಸುಲಭ. ಸಾಲ ಮಾಡಿ ಓದಿಸಿದ ತಂದೆಯೆದುರು ಆ ಮಾತನ್ನು ಆಡಬೇಕಾದವನು ಆ ಹುಡುಗನು. ಹೊರಗೆ ಹೇಳೋಣವೆಂದರೆ, ಕಂಪನಿಯ ಗುಟ್ಟನ್ನು ಬಿಟ್ಟುಕೊಡುವದಿಲ್ಲವೆಂದು ಕರಾರಿಗೆ ರುಜು ಮಾಡಿರುತ್ತಾನೆ. ವೈದ್ಯನೂ ವಕೀಲನೂ ತಪ್ಪಿ ನಡೆದರೆ ಪಟ್ಟಿಯಿಂದ ಹೆಸರು ತೆಗೆಯುವ ಪರಿಷತ್ತುಗಳು ನಮ್ಮ ದೇಶದಲ್ಲುಂಟು. ಗಣಕ ಕಾಯಕದವರಿಗೆ ಅಂಥದು ಇಲ್ಲ. ಆದ್ದರಿಂದ ತಪ್ಪಿದವನನ್ನು ತಡೆಯುವವರೂ ಇಲ್ಲ, ತಪ್ಪಲೊಲ್ಲೆನೆಂದವನ ಬೆನ್ನಿಗೆ ನಿಲ್ಲುವವರೂ ಇಲ್ಲ.

ಹೊರಗಿನಿಂದ ಪ್ರಶ್ನೆ ಕೇಳಿದವರು ಇದೇ ನಾಡಿನವರು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತಾರನೆಯ ವಯಸ್ಸಿನಲ್ಲಿ, ಆಧಾರದ ವಿಷಯವಾಗಿ ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಿದರು. 2017ರ ಆಗಸ್ಟ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಮನುಷ್ಯನ ಖಾಸಗಿತನವು ಸಂವಿಧಾನವು ಕೊಟ್ಟ ಮೂಲಭೂತ ಹಕ್ಕೆಂದು ತೀರ್ಪಿತ್ತರು. ಮರುವರ್ಷದ ಸಪ್ಟೆಂಬರ 26ರ ತೀರ್ಪಿನಲ್ಲಿ ಸರಕಾರದ ನೆರವುಗಳಿಗೆ ಆಧಾರವು ಉಳಿಯಿತು. ಖಾಸಗಿ ಕಂಪನಿಗಳು ಅದನ್ನು ಕೇಳುವದಕ್ಕೆ ಇಂಬು ಕೊಟ್ಟಿದ್ದ ಭಾಗವು ಬಿದ್ದುಹೋಯಿತು. ಆ ಹಿರಿಯರು 2024ರಲ್ಲಿ ತೀರಿಕೊಂಡರು.

ಆ ತೀರ್ಪಿನ ಬೆನ್ನಿಗೆ 2023ರಲ್ಲಿ ಜನರ ವೈಯಕ್ತಿಕ ಮಾಹಿತಿಯನ್ನು ಕಾಯುವ ಕಾಯಿದೆಯಾಯಿತು. ಮಾಹಿತಿಯನ್ನು ಜೋಕೆಯಿಂದ ಕಾಯದ ಸಂಸ್ಥೆಗೆ 250 ಕೋಟಿ ರೂಪಾಯಿಗಳ ವರೆಗೆ ದಂಡವನ್ನು ಅದು ಹೇಳುತ್ತದೆ. ಸಂಸ್ಥೆಯೊಳಗೆ ಕುಳಿತು ಗೆರೆ ಎಳೆಯುವ ನೌಕರನಿಗೆ, ಎಳೆಯಲಾರೆನೆನ್ನುವ ನೌಕರನಿಗೆ, ಆ ಕಾಯಿದೆಯಲ್ಲಿ ಒಂದು ಕಲಮೂ ಇಲ್ಲ.