ಬರಿದಾದ ಪೀಠ
(ಉಡಿಗಾಲದಲ್ಲಿ ಮಾಡಿದ ಭಾಷಣ)



ಪಕ್ಷಗಳ ಹಟದಿಂದ ಅಮೆರಿಕಾದಲ್ಲಿ 2018ರ ಡಿಸೆಂಬರಿನಿಂದ 35 ದಿನಗಳ ಕಾಲ ಅನೇಕ ಸರ್ಕಾರಿ ಕಚೇರಿಗಳು ಮುಚ್ಚಿದ್ದುವೆಂದು ಕೇಳಿ ನಗುವವರು ನಮ್ಮಲ್ಲಿ ಉಂಟು. ನಗುವುದಕ್ಕೆ ನಮಗೇನು ಅಧಿಕಾರ? 2019ರ ಜುಲೈ 18ರಂದು ನಮ್ಮ ವಿಧಾನಸಭೆಯಲ್ಲಿ ಆರಂಭವಾದ ವಿಶ್ವಾಸಮತದ ಚರ್ಚೆಯನ್ನು ಆಳುವವರು 23ರವರೆಗೆ ಎಳೆದರು. ರಾಜೀನಾಮೆಯಿತ್ತವರು ಮುಂಬಯಿಯ ಹೋಟೆಲಿನಲ್ಲಿ ಕುಳಿತಿದ್ದರು! ಕಡೆಗೆ 99ಕ್ಕೆ ಎದುರಾಗಿ 105 ಮತಗಳು ಬಂದು ಮಂತ್ರಿಮಂಡಲವು ಬಿದ್ದಿತು.

ನಮ್ಮ ಜಿಲ್ಲೆಯವರೇ ಆದ ಕೊಳ್ಳೇಗಾಲದ ಪ್ರತಿನಿಧಿಗಳು ಅಂದು ಸಭೆಗೇ ಬರಲಿಲ್ಲ. ಅವರ ಪಕ್ಷವು ಅವರನ್ನು ಹೊರಹಾಕಿತು; ಮತದಾರರನ್ನು ಕೇಳಿದವರಾರು? ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲವು 1956ರಲ್ಲಿ ನಮ್ಮೊಡನೆ ಕೂಡಿದ್ದು ಕನ್ನಡಿಗರ ಸಭೆಯಲ್ಲಿ ಬಾಯಿತೆರೆದು ಮಾತನಾಡುವುದಕ್ಕಲ್ಲವೇ? ಇನ್ನು ಮತ ಬೇಡಲು ಬಂದವರನ್ನು, ಯಾವ ಪಕ್ಷದವರಾದರೂ ಸರಿ, ನಾವು ಬಾಗಿಲಲ್ಲೇ ನಿಲ್ಲಿಸಿ ಕೇಳತಕ್ಕದ್ದು: ಸ್ವಾಮೀ, ಮತವೆಣಿಸುವ ದಿನ ತಾವು ಎಲ್ಲಿರುತ್ತೀರಿ?