ಕೊಳಲೋ ಕ್ಲಾರಿಯೊನೆಟ್ಟೋ?

ಕೆಲವು ತಿಂಗಳ ಹಿಂದೆ ಮಿತ್ರರೊಬ್ಬರು ತಮ್ಮ ಹನ್ನೊಂದು ವರ್ಷದ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಹುಡುಗಿಗೆ ಊದುವ ವಾದ್ಯವೊಂದನ್ನು ಕಲಿಯುವ ಆಸೆ. ಶಾಲೆಯ ವಾದ್ಯವೃಂದಕ್ಕೆ ಕ್ಲಾರಿಯೊನೆಟ್ ನುಡಿಸುವವರು ಬೇಕಾಗಿದ್ದಾರೆ. ಮನೆಯಲ್ಲಿ ಅಜ್ಜಿಗೆ ಮಾತ್ರ ಮೊಮ್ಮಗಳ ಕೈಯಲ್ಲಿ ಕೊಳಲನ್ನಲ್ಲದೆ ಬೇರೊಂದನ್ನು ನೋಡಲು ಮನಸ್ಸಿಲ್ಲ. "ನೀವು ಎರಡನ್ನೂ ಬಲ್ಲವರು, ನೀವೇ ತೀರ್ಮಾನ ಹೇಳಿಬಿಡಿ" ಎಂದರು ಮಿತ್ರರು. ಎರಡನ್ನೂ ಬಲ್ಲೆನೆಂಬುದು ಸ್ನೇಹದ ಉತ್ಪ್ರೇಕ್ಷೆ. ಕೊಳಲನ್ನು ಆರು ವರ್ಷ ಅಭ್ಯಾಸ ಮಾಡಿ ಬಿಟ್ಟವನು ನಾನು. ಕ್ಲಾರಿಯೊನೆಟ್ಟನ್ನು ಬಾಲ್ಯದಲ್ಲಿ ದಿನವೂ ಕೇಳಿದವನು. ತೀರ್ಮಾನ ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ, ತಪ್ಪು ತೀರ್ಮಾನ ಮಾಡಿದ ಅನುಭವವಂತೂ ಇದೆ. ಅದನ್ನೇ ಈ ಹೊತ್ತು ನಿಮ್ಮ ಮುಂದಿಡುತ್ತೇನೆ.

ಈ ಎರಡು ವಾದ್ಯಗಳ ನಡುವೆ ಆಯ್ಕೆಗೆ ಹೊರಟವನ ಮುಂದೆ ತಕ್ಕಡಿ ಮೊದಲೇ ಒಂದು ಕಡೆಗೆ ವಾಲಿರುತ್ತದೆ. ಕೊಳಲಿನ ಬೆನ್ನಿಗೆ ದೇವರೇ ನಿಂತಿದ್ದಾನೆ. 1258ರಲ್ಲಿ ಕಟ್ಟಿದ ಸೋಮನಾಥಪುರದ ಕೇಶವ ದೇವಾಲಯದಲ್ಲಿ ಮೂರು ಗರ್ಭಗುಡಿಗಳಿದ್ದರೆ ಅವುಗಳಲ್ಲೊಂದು ವೇಣುಗೋಪಾಲನದು. ಪು.ತಿ.ನ. ಅವರ 'ಗೋಕುಲ ನಿರ್ಗಮನ'ವನ್ನು ಓದಿದವರಿಗೆ ಬಿದಿರಿನ ಆ ತುಂಡು ಇಡೀ ಗೋಕುಲದ ಜೀವವಾಗಿ ಕಾಣುತ್ತದೆ. ಕ್ಲಾರಿಯೊನೆಟ್ಟಿಗೆ ಅಂಥ ಪುರಾಣವಿಲ್ಲ. ಜರ್ಮನಿಯ ನ್ಯೂರೆಂಬರ್ಗ್ ಪಟ್ಟಣದ ಯೋಹಾನ್ ಕ್ರಿಸ್ಟೋಫ್ ಡೆನ್ನರ್ ಎಂಬ ವಾದ್ಯಶಿಲ್ಪಿ 1700ರ ಸುಮಾರಿಗೆ ಹಳೆಯದೊಂದು ವಾದ್ಯವನ್ನು ತಿದ್ದಿ ಇದನ್ನು ರೂಪಿಸಿದನೆಂದು ಹೇಳುತ್ತಾರೆ. ಮೊಟ್ಸಾರ್ಟ್ ತಾನು ತೀರಿಕೊಂಡ ವರ್ಷವಾದ 1791ರಲ್ಲಿ ಇದಕ್ಕಾಗಿಯೇ ಒಂದು ಮಹಾಕೃತಿಯನ್ನು ರಚಿಸಿದ. ನಮ್ಮ ದೇಶಕ್ಕೆ ಇದು ಆಂಗ್ಲರ ಬ್ಯಾಂಡಿನೊಡನೆ ಬಂದಿತು. ಆದರೂ ಇದು ಪೂರ್ತಿ ಪರಕೀಯವೆಂದು ಹೇಳಲು ನಾಲಗೆ ತಡೆಯುತ್ತದೆ. ಒಳ್ಳೆಯ ಕ್ಲಾರಿಯೊನೆಟ್ಟಿಗೆ ಬಳಸುವ ಆಫ್ರಿಕದ ಆ ಕರಿಯ ಮರ, ನಮ್ಮ ಮಲೆನಾಡಿನ ಬೀಟೆಯ ದಾಯಾದಿ. ಸಸ್ಯಶಾಸ್ತ್ರಜ್ಞರು ಎರಡನ್ನೂ ಒಂದೇ ಕುಲಕ್ಕೆ ಸೇರಿಸಿದ್ದಾರೆ.

ಇನ್ನು ವಾದ್ಯಗಳ ಒಳಗುಟ್ಟು. ಕೊಳಲಿನಲ್ಲಿ ನಮ್ಮ ಉಸಿರು ರಂಧ್ರದ ಅಂಚಿಗೆ ಬಡಿದು ಇಬ್ಭಾಗವಾಗುತ್ತದೆ. ಒಂದು ಭಾಗ ಕೊಳವೆಯೊಳಗಿನ ಗಾಳಿಯನ್ನು ಮಿಡಿಸುತ್ತದೆ. ಇನ್ನೊಂದು ಭಾಗ ಬಯಲಿಗೆ ಹೋಗುತ್ತದೆ. ತುಟಿಗೂ ಆ ಅಂಚಿಗೂ ನಡುವಣ ಕೂದಲೆಳೆಯ ಅಂತರವನ್ನು ಕಂಡುಕೊಳ್ಳುವವರೆಗೆ ಕಲಿಯುವವನಿಗೆ ಬರಿಯ ಸುಯ್ಲು, ಜೊತೆಗೆ ತಲೆಸುತ್ತು. ಕ್ಲಾರಿಯೊನೆಟ್ಟಿನಲ್ಲಿ ಹಾಗಲ್ಲ. ಬಾಯಿಗಿಟ್ಟುಕೊಳ್ಳುವ ತುದಿಗೆ ದಂಟಿನಿಂದ ಸೀಳಿದ ತೆಳುವಾದ ರೀಡೊಂದನ್ನು ಬಿಗಿದಿರುತ್ತಾರೆ. ಉಸಿರೆಲ್ಲ ಅದರ ಸಂದಿಯಲ್ಲೇ ನುಗ್ಗಬೇಕು. ಮೊದಲ ದಿನವೇ ಏನೋ ಒಂದು ಸದ್ದು ಹೊರಡುತ್ತದೆ. ಅದು ಬಾತುಕೋಳಿಯ ಕೂಗನ್ನು ಹೋಲುತ್ತದೆಂಬುದು ಬೇರೆ ಮಾತು. ಕೆಳತುಟಿ ನೋಯುತ್ತದೆ, ಕೆನ್ನೆ ಸೋಲುತ್ತದೆ, ರೀಡು ಸವೆಯುತ್ತದೆ, ಒಡೆಯುತ್ತದೆ.

ಇಲ್ಲೊಂದು ಸೋಜಿಗವಿದೆ. ಪಾಶ್ಚಾತ್ಯರ ಲೋಹದ ಕೊಳಲೂ ಸಾಮಾನ್ಯ ಕ್ಲಾರಿಯೊನೆಟ್ಟೂ ಉದ್ದದಲ್ಲಿ ಹೆಚ್ಚುಕಡಮೆ ಸಮ, ಸುಮಾರು 66 ಸೆಂಟಿಮೀಟರ್. ಆದರೆ ಆ ಕೊಳಲಿನ ಅತಿ ಕೆಳಗಿನ ಸ್ವರಕ್ಕೆ ಸೆಕೆಂಡಿಗೆ ಸುಮಾರು 262 ಕಂಪನಗಳಾದರೆ ಕ್ಲಾರಿಯೊನೆಟ್ಟಿನದಕ್ಕೆ 147. ಅಷ್ಟೇ ಉದ್ದದ ಕೊಳವೆ ಸುಮಾರು ಒಂದು ಸ್ಥಾಯಿಯಷ್ಟು ಕೆಳಕ್ಕೆ ಇಳಿಯುತ್ತದೆ! ಕೊಳಲಿನ ಎರಡು ತುದಿಗಳೂ ಗಾಳಿಗೆ ತೆರೆದಿವೆ. ಕ್ಲಾರಿಯೊನೆಟ್ಟಿನ ಒಂದು ತುದಿಯನ್ನು ರೀಡು ಮುಚ್ಚಿದಂತೆಯೇ. ಇದರ ಫಲ ಬೆರಳಿಗೂ ತಟ್ಟುತ್ತದೆ. ಕೊಳಲಿನಲ್ಲಿ ಷಡ್ಜಕ್ಕೆ ಬೆರಳಿಟ್ಟು ಉಸಿರನ್ನು ಬಿಗಿಮಾಡಿದರೆ ಮೇಲಿನ ಷಡ್ಜವೇ ಕೇಳುತ್ತದೆ. ಕ್ಲಾರಿಯೊನೆಟ್ಟಿನಲ್ಲಿ ಅದೇ ಬೆರಳುಗಳನ್ನಿಟ್ಟು ಸ್ಥಾಯಿಯ ಕೀಲಿಯನ್ನು ಒತ್ತಿದರೆ ಮೇಲಿನ ಷಡ್ಜವನ್ನೂ ದಾಟಿ ಅದರಾಚೆಯ ಪಂಚಮಕ್ಕೆ ನೆಗೆಯುತ್ತದೆ. ಹಾಗಾಗಿ ಒಂದು ಸ್ಥಾಯಿಯಲ್ಲಿ ಕಲಿತ ಬೆರಳುಗಳನ್ನು ಮೇಲಿನ ಸ್ಥಾಯಿಯಲ್ಲಿ ಹೊಸದಾಗಿ ಕಲಿಯಬೇಕು.

ನಮ್ಮ ಸಂಗೀತಕ್ಕೆ ಪ್ರಾಣವಾದ ಗಮಕದ ಪ್ರಶ್ನೆಯೂ ಇದೆ. ಕರ್ನಾಟಕ ಸಂಗೀತದ ಕೊಳಲಿನಲ್ಲಿ ಬೆರಳಿಗೆ ಎಂಟು ರಂಧ್ರಗಳು; ಬೆರಳಿಗೂ ಗಾಳಿಗೂ ನಡುವೆ ಏನೂ ಇಲ್ಲ. ಬೆರಳನ್ನು ಅರೆಯಾಗಿ ಸರಿಸಿ, ಮೆಲ್ಲಗೆ ಹೊರಳಿಸಿ ಸ್ವರದಿಂದ ಸ್ವರಕ್ಕೆ ಜಾರಬಹುದು. ಕ್ಲಾರಿಯೊನೆಟ್ಟಿನಲ್ಲಿ ಅನೇಕ ರಂಧ್ರಗಳು ಕೀಲಿಗಳ ವಶದಲ್ಲಿವೆ. ಕೀಲಿ ಮುಚ್ಚುತ್ತದೆ ಅಥವಾ ತೆರೆಯುತ್ತದೆ, ನಡುವಣ ಸ್ಥಿತಿಯನ್ನು ಅದು ಅರಿಯದು. ಅಲ್ಲಿ ತುಟಿಯ ಒತ್ತಡದಿಂದ, ಗಂಟಲಿನ ಹಿಡಿತದಿಂದ ಸ್ವರವನ್ನು ಬಾಗಿಸಬೇಕು. ಅದು ಆಗದ ಕೆಲಸವೆಂದುಕೊಂಡವರಿಗೆ ಉತ್ತರ ತಿರುಚಿರಾಪಳ್ಳಿಯ ಎ.ಕೆ.ಸಿ. ನಟರಾಜನ್ ಅವರ ವಾದನದಲ್ಲಿದೆ. ಮದರಾಸಿನ ಮ್ಯೂಸಿಕ್ ಅಕಾಡೆಮಿ 2008ರಲ್ಲಿ ಅವರಿಗೆ 'ಸಂಗೀತ ಕಲಾನಿಧಿ'ಯನ್ನು ನೀಡಿತು. ನಮ್ಮ ರಾಯಚೂರಿನ ನರಸಿಂಹಲು ವಡವಾಟಿ ಅವರು ಹಿಂದೂಸ್ತಾನಿ ರಾಗಗಳನ್ನು ಇದೇ ವಾದ್ಯದಲ್ಲಿ ಹಾಡಿಸಿದರು.

ಕೊಳಲಿಗೆ ಪುರಾಣದಲ್ಲಿರುವಷ್ಟು ಹಳೆಯ ಆಸನ ಕಚೇರಿಯಲ್ಲಿಲ್ಲವೆಂಬುದನ್ನೂ ನೆನೆಯಬೇಕು. ಕರ್ನಾಟಕ ಸಂಗೀತದಲ್ಲಿ ಅದನ್ನು ಸ್ವತಂತ್ರ ಕಚೇರಿಯ ಘನತೆಗೆ ಏರಿಸಿದವರು ಕುಂಭಕೋಣದ ಅಂಧ ವಿದ್ವಾಂಸ ಶರಭ ಶಾಸ್ತ್ರಿಗಳು, 1872ರಿಂದ 1904ರವರೆಗೆ ಬಾಳಿದವರು. ಆ ಮೇಲೆ ಟಿ.ಆರ್. ಮಹಾಲಿಂಗಂ, ನಾವೆಲ್ಲ ಪ್ರೀತಿಯಿಂದ ಮಾಲಿ ಎನ್ನುವವರು, ಕೊಳಲಿಗೆ ಗಾಯಕನ ಕಂಠವನ್ನೇ ತಂದುಕೊಟ್ಟರು, 1986ರಲ್ಲಿ ತೀರಿಕೊಂಡರು. ಅಷ್ಟು ಮೆಲುದನಿಯ ವಾದ್ಯ ದೊಡ್ಡ ಸಭೆಯ ಕೊನೆಯ ಸಾಲಿಗೂ ಮುಟ್ಟುವಂತಾದದ್ದು ಧ್ವನಿವರ್ಧಕದ ಕೃಪೆ. ಬಾನುಲಿಯ ಧ್ವನಿಗ್ರಾಹಕವೂ ಅದಕ್ಕೆ ಒಳ್ಳೆಯ ಗೆಳೆಯನಾಯಿತು. ಕ್ಲಾರಿಯೊನೆಟ್ಟಿಗೆ ಆ ನೆರವು ಬೇಕಿರಲಿಲ್ಲ. ಬೀದಿಯಲ್ಲಿ, ಬಯಲಿನಲ್ಲಿ, ಜನಜಂಗುಳಿಯಲ್ಲಿ ಅದರ ದನಿ ತಾನಾಗಿಯೇ ಕೇಳುತ್ತಿತ್ತು. ಆ ಶಕ್ತಿಯೇ ಅದನ್ನು ಬೀದಿಯಲ್ಲಿ ನಿಲ್ಲಿಸಿತೋ ಏನೋ.

ಈಗ ನನ್ನ ಕತೆಗೆ ಬರುತ್ತೇನೆ. ನಮ್ಮ ದೊಡ್ಡಪ್ಪ ಊರಿನ ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿಯೊನೆಟ್ ನುಡಿಸುತ್ತಿದ್ದರು. ಮದುವೆಯ ದಿಬ್ಬಣ, ದೇವರ ಉತ್ಸವ, ಒಮ್ಮೊಮ್ಮೆ ದೊಡ್ಡವರ ಮನೆಯ ಶವಯಾತ್ರೆ. ಹಗಲೆಲ್ಲ ಬಿಸಿಲಿನಲ್ಲಿ ನಡೆಯುತ್ತ ಜನ ಕೇಳಿದ ಸಿನಿಮಾ ಹಾಡುಗಳನ್ನು ಊದುತ್ತಿದ್ದ ಅದೇ ಮನುಷ್ಯ, ರಾತ್ರಿ ಊಟವಾದ ಮೇಲೆ ಹಿತ್ತಿಲ ಜಗಲಿಯಲ್ಲಿ ಕುಳಿತು, ನೆರೆಯವರ ನಿದ್ದೆಗೆ ಭಂಗ ಬಾರದಂತೆ ಮಂದ್ರದಲ್ಲಿಯೇ ಮುಖಾರಿಯನ್ನು ನುಡಿಸುತ್ತಿದ್ದರು. ಆ ಕೆಳಗಿನ ಸ್ವರಗಳಿಗೆ ಒದ್ದೆ ಮಣ್ಣಿನ ತಂಪಿತ್ತು. ಅಂಥ ದನಿಯನ್ನು ಬೇರೆಲ್ಲಿಯೂ ನಾನು ಕೇಳಿಲ್ಲ.

ನನಗೆ ಹನ್ನೆರಡು ವರ್ಷವಾಗಿದ್ದಾಗ ಸಹಪಾಠಿಯೊಬ್ಬನ ಅಕ್ಕನ ಮದುವೆಗೆ ಹೋದೆ. ಮೊದಲ ಪಂಕ್ತಿಯಲ್ಲಿ ಗೆಳೆಯರೊಡನೆ ಊಟಕ್ಕೆ ಕುಳಿತಿದ್ದೆ. ಚಪ್ಪರದ ಹೊರಗೆ, ಮರದ ನೆರಳಿನಲ್ಲಿ, ಬ್ಯಾಂಡಿನವರು ಕೊನೆಯ ಪಂಕ್ತಿಗಾಗಿ ಕಾದಿದ್ದರು. ಅವರ ನಡುವೆ ದೊಡ್ಡಪ್ಪ. ನನ್ನನ್ನು ಕಂಡು ಕೈ ಎತ್ತಿದರು. "ಯಾರೋ ಅದು?" ಎಂದು ಪಕ್ಕದ ಹುಡುಗ ಕೇಳಿದ. "ಗೊತ್ತಿಲ್ಲ" ಎಂದೆ. ಆ ಮಾತು ಅವರಿಗೆ ಕೇಳಿಸಿತೋ ಇಲ್ಲವೋ, ಎತ್ತಿದ ಕೈ ಮೆಲ್ಲನೆ ಇಳಿದದ್ದನ್ನು ಮಾತ್ರ ನಾನು ನೋಡಿದೆ.

ಆ ವರ್ಷವೇ ಅವರು, "ನಿನಗೆ ಕಿವಿ ಚೆನ್ನಾಗಿದೆ ಮಗೂ, ವಾದ್ಯ ಕಲಿಸಲೇ?" ಎಂದು ಕೇಳಿದರು. ನಾನು ಕೊಳಲು ಕಲಿಯುತ್ತೇನೆಂದೆ. ಕೊಳಲಿನ ನಾದ ಇಷ್ಟವೆಂದು ಕಾರಣ ಕೊಟ್ಟೆ. ನಿಜಕ್ಕೂ ನಾನು ಕೇಳಿದ್ದು ಚಪ್ಪರದ ಒಳಗಿನ ಎಲೆಯನ್ನು. ದೊಡ್ಡಪ್ಪ ಏನೂ ಆಡಲಿಲ್ಲ. ಮುಂದಿನ ಜಾತ್ರೆಯಲ್ಲಿ ಹತ್ತಾರು ಕೊಳಲುಗಳನ್ನು ತಾವೇ ಊದಿ ನೋಡಿ, ಶ್ರುತಿ ಸರಿಯಾದ ಒಂದನ್ನು ಕೊಂಡು ತಂದರು. ಗುರುಗಳೊಬ್ಬರ ಬಳಿ ಬಿಟ್ಟರು. ಆರು ವರ್ಷ ಕಲಿತೆ. ನನ್ನ ಕೊಳಲು ಎಂದೂ ಹಾಡಲಿಲ್ಲ, ಪಾಠ ಒಪ್ಪಿಸಿತು ಅಷ್ಟೇ. ಅವರು ತೀರಿಕೊಂಡ ಮೇಲೆ ಪೆಟ್ಟಿಗೆ ತೆರೆದು ಕ್ಲಾರಿಯೊನೆಟ್ಟನ್ನು ಬಾಯಿಗಿಟ್ಟೆ. ರೀಡು ಸೀಳಿತ್ತು. ಬಂದದ್ದು ಒಂದು ಕೀರಲು ಮಾತ್ರ.

ಆದ್ದರಿಂದ ಮಿತ್ರರ ಮಗಳಿಗೆ ನಾನು ಹೇಳಿದ್ದು ಇಷ್ಟೇ: "ನೋಡಮ್ಮ, ಅಜ್ಜಿಯ ದೇವರನ್ನೂ ಶಾಲೆಯ ಅವಸರವನ್ನೂ ಒಂದು ತಿಂಗಳು ಮರೆತುಬಿಡು. ಎರಡನ್ನೂ ಊದು. ಯಾವುದರ ಕೆಟ್ಟ ಸದ್ದನ್ನು ಕೇಳಿದ ಮೇಲೂ ಮರುದಿನ ಅದನ್ನೇ ಕೈಗೆತ್ತಿಕೊಳ್ಳಬೇಕೆನಿಸುತ್ತದೆಯೋ ನೋಡಿಕೊಂಡು ಬಾ." ಶಾಲೆಯಿಂದ ಕ್ಲಾರಿಯೊನೆಟ್ಟನ್ನು ಎರವಲು ತಂದರು, ಕೊಳಲನ್ನು ನಾನೇ ಕೊಟ್ಟೆ. ಅವಳು ಕ್ಲಾರಿಯೊನೆಟ್ಟನ್ನು ಆರಿಸಲೆಂಬ ಗುಪ್ತವಾದ ಆಸೆ ನನಗಿತ್ತೆಂದು ಒಪ್ಪಿಕೊಳ್ಳುತ್ತೇನೆ. ದೊಡ್ಡಪ್ಪನ ಸಾಲವನ್ನು ಪರರ ಮಗುವಿನ ಉಸಿರಿನಿಂದ ತೀರಿಸುವ ಯೋಚನೆ!

ತಿಂಗಳ ಕೊನೆಗೆ ಹುಡುಗಿ ಬಂದಳು. ಕೊಳಲನ್ನೇ ಕಲಿಯುತ್ತೇನೆಂದಳು. ಅಜ್ಜಿಗೆ ಹಿಗ್ಗೋ ಹಿಗ್ಗು, "ಕೃಷ್ಣನ ಇಚ್ಛೆ" ಎಂದರು. ಹುಡುಗಿ ತಲೆಯಾಡಿಸಿದಳು. "ಅದಲ್ಲ ತಾತ. ಕ್ಲಾರಿಯೊನೆಟ್ಟಿನ ಕೆಳಗಿನ ದನಿ ತುಂಬ ಚೆನ್ನಾಗಿದೆ. ಆದರೆ ಕೊಳಲಿನಲ್ಲಿ ಬೆರಳಿನ ಅಡಿಯಲ್ಲೇ ಸ್ವರ ಗೊತ್ತಾಗುತ್ತದೆ, ಕಚಗುಳಿ ಇಟ್ಟ ಹಾಗೆ" ಎಂದು ಬೆರಳುಗಳನ್ನು ತೋರಿಸಿದಳು. ನಾಲ್ಕು ಬೆರಳ ತುದಿಯಲ್ಲಿ ರಂಧ್ರದ ಅಚ್ಚು ಕೆಂಪಗೆ ಮೂಡಿತ್ತು.

ಅವಳ ಕೈಗೆ ಆ ಕೊಳಲನ್ನೇ ಕೊಟ್ಟು ಕಳುಹಿಸಿದೆ. ಜಾತ್ರೆಯಲ್ಲಿ ದೊಡ್ಡಪ್ಪ ಆರಿಸಿ ತಂದದ್ದು ಅದು. ಅದರ ಶ್ರುತಿ ಇಂದಿಗೂ ಸರಿಯಾಗಿದೆ.