ನಮ್ಮ ಸಾಲ ನಮ್ಮ ನೆರೆಯವರಿಗೆ
(ಗೂಡಲೂರಿನ ತೋಟದ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ನಸುಕಿನಲ್ಲಿ ಬುತ್ತಿ ಕಟ್ಟಿಕೊಂಡು, ಜೀಪು ಹತ್ತಿ, ಕುಮಿಳಿ ಘಾಟಿ ದಾಟಿ, ಏಲಕ್ಕಿ ತೋಟದಲ್ಲಿ ದುಡಿದು ಬಂದ ಮೈ ನಮ್ಮದು. ಆದರೂ ಈ ಸಂಜೆ ಇಷ್ಟು ಮಂದಿ ಕೂಡಿದ್ದೇವೆ. ಆದುದರಿಂದ ಮಾತನ್ನು ಉದ್ದ ಮಾಡುವುದಿಲ್ಲ.

ನಮ್ಮ ಮುಂದಿರುವ ಪ್ರಶ್ನೆ ಒಂದೇ. ನಮ್ಮ ಕೇರಿಯ ಉಳಿತಾಯ ಸಂಘ ಎರಡು ವರ್ಷ ನಡೆದು ನಿಂತುಹೋಯಿತು. ಪುಸ್ತಕ ಒಂದೇ ಮನೆಯಲ್ಲಿತ್ತು. ಲೆಕ್ಕ ಕೇಳಲು ನಾವು ಸಂಕೋಚಪಟ್ಟೆವು. ಸಂಕೋಚದಿಂದ ಸಂಶಯ ಹುಟ್ಟಿತು, ಸಂಶಯದಿಂದ ಜಗಳ. ಈಗ ಮಗುವಿಗೆ ಜ್ವರ ಬಂದರೆ ಮತ್ತೆ ಬಡ್ಡಿಯವನ ಬಾಗಿಲೇ ಗತಿ. ಸಂಘವನ್ನು ಮತ್ತೆ ಕಟ್ಟೋಣವೇ, ಬೇಡವೇ? ಉತ್ತರ ಹೇಳುವ ಮೊದಲು ನಮ್ಮಂತೆಯೇ ಬಿದ್ದು ಎದ್ದವರ ಚರಿತ್ರೆಯನ್ನು ಕೇಳೋಣ.

ನಮ್ಮ ಮನೆಮಾತು ಕನ್ನಡವಲ್ಲವೇ? ಕನ್ನಡ ನಾಡಿನಿಂದಲೇ ಆರಂಭಿಸೋಣ. 1904ರಲ್ಲಿ ಸರ್ಕಾರ ಸಹಕಾರ ಪತ್ತಿನ ಸಂಘಗಳ ಕಾಯಿದೆ ಮಾಡಿತು. ಮರುವರ್ಷವೇ ಗದಗದ ಹತ್ತಿರದ ಕಣಗಿನಹಾಳದ ರೈತರು ಸಿದ್ದನಗೌಡ ಪಾಟೀಲರ ಮುಂದಾಳ್ತನದಲ್ಲಿ ಸಂಘ ಕಟ್ಟಿದರು. ದೇಶದ ಮೊದಲ ಸಹಕಾರ ಸಂಘಗಳಲ್ಲಿ ಅದೂ ಒಂದು. ಒಂದು ಊರಿನವರು ಒಬ್ಬರಿಗೊಬ್ಬರು ಹೊಣೆಯಾಗಬಲ್ಲರು ಎಂಬುದನ್ನು ಅವರು ತೋರಿಸಿದರು. ಬರಬರುತ್ತಾ ಅನೇಕ ಕಡೆ ಇಂಥ ಸಂಘಗಳು ಹೊಲವಿದ್ದವರ ಕೈ ಸೇರಿದವು. ಕೂಲಿಯವನು ಹೊರಗೇ ಉಳಿದ.

ಮುಂದೆ 1968ರಲ್ಲಿ ಮೈರಾಡ ಎಂಬ ಸಂಸ್ಥೆ ಹುಟ್ಟಿತು. ಟಿಬೆಟಿನಿಂದ ಬಂದ ನಿರಾಶ್ರಿತರಿಗೆ ನೆಲೆ ಕಲ್ಪಿಸುವುದು ಅದರ ಮೊದಲ ಕೆಲಸ. ಅನಂತರ ಅದು ಹಳ್ಳಿಯ ಬಡವರ ನಡುವೆ ದುಡಿದು ಸಹಕಾರ ಸಂಘಗಳನ್ನು ಕಟ್ಟಿಸಿತು. 1984–85ರ ಹೊತ್ತಿಗೆ ಆ ದೊಡ್ಡ ಸಂಘಗಳು ಕುಸಿದವು. ಸದಸ್ಯರಿಗೆ ಮುಂದಾಳುಗಳಲ್ಲಿ ನಂಬಿಕೆ ಉಳಿದಿರಲಿಲ್ಲ.

ಆಗ ನಡೆದ ಸಂಗತಿಯನ್ನು ಗಮನವಿಟ್ಟು ಕೇಳಿರಿ. ಸದಸ್ಯರು ಸಣ್ಣ ಸಣ್ಣ ಗುಂಪುಗಳಾಗಿ ಬಂದು, ಸಂಘಕ್ಕೆ ಸಾಲ ತೀರಿಸುವುದಿಲ್ಲ, ಬೇಕಾದರೆ ನಿಮಗೇ ಕೊಡುತ್ತೇವೆ ಎಂದರು. ಮೈರಾಡದವರು ಹಣ ತೆಗೆದುಕೊಳ್ಳಲಿಲ್ಲ. ನೀವು ನಮಗೇನೂ ಬಾಕಿ ಇಲ್ಲ, ನಿಮ್ಮ ನಿಮ್ಮೊಳಗೇ ಒಬ್ಬರಿಗೊಬ್ಬರು ಏಕೆ ತೀರಿಸಬಾರದು ಎಂದು ಕೇಳಿದರು. ಆ ಒಂದು ಪ್ರಶ್ನೆಯಿಂದ ಹೊಸ ದಾರಿ ತೆರೆಯಿತು. ಒಬ್ಬರನ್ನೊಬ್ಬರು ಬಲ್ಲವರು, ನಂಬುವವರು ತಾವೇ ಆರಿಸಿಕೊಂಡು ಕೂಡಿದರು. ಉಳಿಸಿದರು, ಸಾಲ ಕೊಟ್ಟರು, ವಸೂಲು ಮಾಡಿದರು. ನಿಯಮವನ್ನೂ ತಪ್ಪಿಗೆ ದಂಡವನ್ನೂ ತಾವೇ ಗೊತ್ತುಮಾಡಿದರು.

1987ರಲ್ಲಿ ನಬಾರ್ಡ್ ಈ ಗುಂಪುಗಳಿಗಾಗಿ ಮೈರಾಡಕ್ಕೆ 10 ಲಕ್ಷ ರೂಪಾಯಿ ನೆರವು ಕೊಟ್ಟಿತು. 1992ರಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗವನ್ನು ದೇಶದಲ್ಲಿ ಆರಂಭಿಸಿತು. ನೋಂದಣಿಯಿಲ್ಲದ ಬಡವರ ಗುಂಪಿಗೂ ಬ್ಯಾಂಕಿನ ಬಾಗಿಲು ತೆರೆದದ್ದು ಹೀಗೆ. ಸ್ವಸಹಾಯ ಸಂಘವೆಂದು ಇಂದು ಎಲ್ಲರೂ ಕರೆಯುವುದು ಇದನ್ನೇ.

ನಮ್ಮ ಸೀಮೆಯೂ ಹಿಂದೆ ಬೀಳಲಿಲ್ಲ. ಮಧುರೆಯ ಸುತ್ತ 1990ರ ಸುಮಾರಿಗೆ ಹೆಂಗಸರ ಕಳಂಜಿಯಂ ಗುಂಪುಗಳು ಎದ್ದವು. 1997ರಲ್ಲಿ ಸ್ಥಾಪನೆಯಾದ ಧಾನ್ ಪ್ರತಿಷ್ಠಾನ ಆ ಕೆಲಸವನ್ನು ಮುಂದುವರಿಸಿತು. ಕಳಂಜಿಯಂ ಎಂದರೆ ನಮ್ಮ ಮಾತಿನಲ್ಲಿ ಕಣಜ. ನಮ್ಮ ತೇನಿ ಜಿಲ್ಲೆಯ ಕಡಮಲೈಕುಂಡು ಕಡೆಯಲ್ಲೂ ಆ ಗುಂಪುಗಳು ಕೂಡಿ ಒಕ್ಕೂಟ ಮಾಡಿಕೊಂಡವು. ಗುಂಪು ಚಿಕ್ಕದು, ಒಕ್ಕೂಟ ದೊಡ್ಡದು. ಆದರೆ ಹಣದ ಲೆಕ್ಕ ಮೊದಲು ಗುಂಪಿನೊಳಗೇ ಆಗಬೇಕು.

ಪ್ರಿಯರೇ, ಈಗ ನಮ್ಮ ಮಾತಿಗೆ ಬರೋಣ. ಇಂದು ಗುಂಪು ಎಂಬ ಹೆಸರಿನಲ್ಲೇ ಸಾಲದ ಕಂಪೆನಿಯವರೂ ಕೇರಿಗೆ ಬರುತ್ತಾರೆ. ಅಲ್ಲಿ ಕಂತು ನಮ್ಮದು, ಪುಸ್ತಕ ಅವರದು. ಅದನ್ನು ಸಂಘವೆಂದು ತಿಳಿಯಬಾರದು. ಸಂಘವಿದೆಯೆಂದು ನ್ಯಾಯವಾದ ಕೂಲಿಯನ್ನು ಕೇಳುವುದನ್ನೂ ಬಿಡಬಾರದು. ಕಣಜ ತುಂಬಬೇಕಾದರೆ ಮೊದಲು ಬೆಳೆ ಕೈಗೆ ಬರಬೇಕಲ್ಲವೇ?

ಆದುದರಿಂದ ನಮ್ಮ ಸಲಹೆ ಇಷ್ಟು. ಹದಿನೈದು ಇಪ್ಪತ್ತು ಮನೆಗಳು ಸಾಕು. ವಾರಕ್ಕೊಮ್ಮೆ ಕೂಡೋಣ. ಪೆಟ್ಟಿಗೆ ಒಂದು ಮನೆಯಲ್ಲಿರಲಿ, ಬೀಗದ ಕೈ ಇನ್ನೊಂದು ಮನೆಯಲ್ಲಿರಲಿ. ಓದುಬಾರದ ಅಜ್ಜಿಗೂ ತಿಳಿಯುವಂತೆ ಪ್ರತಿ ಸಭೆಯಲ್ಲಿ ಲೆಕ್ಕವನ್ನು ಗಟ್ಟಿಯಾಗಿ ಓದೋಣ. ಪುಸ್ತಕ ಬರೆಯುವವರು ವರ್ಷಕ್ಕೊಮ್ಮೆ ಬದಲಾಗಲಿ. ಲೆಕ್ಕ ಕೇಳಿದವರನ್ನು ಯಾರೂ ಹಳಿಯಬಾರದು.

ಹಳೆಯ ಸಂಘಕ್ಕೆ ಬಾಕಿ ಉಳಿಸಿಕೊಂಡವರು ನಮ್ಮಲ್ಲಿ ಕೆಲವರಿದ್ದೇವೆ. ಸಂಘವೇ ಹೋಯಿತು, ಯಾರಿಗೆ ಕೊಡೋಣ ಎಂದು ಇಷ್ಟು ದಿನ ಹೇಳಿಕೊಂಡೆವು. ಪಕ್ಕದ ಮನೆಯವರಿಗೆ, ಎದುರು ಮನೆಯ ವಿಧವೆಗೆ, ಒಂದೇ ಜೀಪಿನಲ್ಲಿ ಬರುವವರಿಗೆ ನಾವು ಬಾಕಿಯಿದ್ದೇವೆ. ಬರುವ ಭಾನುವಾರ ಆ ಹಳೆಯ ಪುಸ್ತಕವನ್ನೇ ಎಲ್ಲರ ನಡುವೆ ಬಿಚ್ಚೋಣ. ಹತ್ತು ರೂಪಾಯಿಯಾದರೂ ಸರಿ, ತೀರಿಸಲು ತೊಡಗೋಣ. ಅಲ್ಲಿಂದಲೇ ಹೊಸ ಸಂಘ ಆರಂಭವಾಗಲಿ.